ಗುರುವಾರದ ಕುದುರೆ

ಕುದುರೆ ನನ್ನದಲ್ಲ, ದವಾಖಾನೆಯದು.
ದಾಸ್ತಾನು ಪುಸ್ತಕದಲ್ಲಿ ಮೇಜು, ಸ್ಟೂಲು, ತಕ್ಕಡಿಯ ಕೆಳಗೆ
ಒಂದು ಸಾಲು: ಪ್ರಾಣಿ, ಕಂದು, ಒಂದು.
ಬಣ್ಣ ನೋಡಿ ಕೋಫಿ ಎಂದು ಹೆಸರಿಟ್ಟವನು
ಹಳೆಯ ಕಾಂಪೌಂಡರ್ ಫಾಕಿಸೋ.
ನಾನು ಬರುವ ಹೊತ್ತಿಗೆ ಅವನು ಮಣ್ಣಾಗಿ ವರ್ಷವಾಗಿತ್ತು.

ಮೊದಲ ಜುಲೈ. ಲೆಸೋಥೋದ ಬೆಟ್ಟಗಳ ಮೇಲೆ ಹಿಮ.
ಮಾಸೆರುವಿನ ಡಾಂಬರಿನಲ್ಲಿ ಬೆಳೆದವಳು ನಾನು,
ಜೀನಿನ ಮೇಲೆ ಮೂಟೆಯ ಹಾಗೆ ಕೂತು ಹತ್ತುತ್ತಿದ್ದೆ.
ಹಾ ಮೊಖೇಸಿಯಲ್ಲಿ ಹೆರಿಗೆ, ಅವಸರ.
ಅರ್ಧ ದಾರಿಯಲ್ಲಿ ಕೋಫಿ ನಿಂತಿತು.
ಯಾರದೋ ಮನೆ, ಯಾರದೋ ಬಾಗಿಲು.
ತಿವಿದೆ, ಬೈದೆ, ಕಡೆಗೆ ಬೇಡಿಕೊಂಡೆ.
ಕಿವಿ ಕೂಡ ಅಲುಗಲಿಲ್ಲ.
ದುಂಡು ಕಲ್ಲುಮನೆಯಿಂದ ಕಂಬಳಿ ಹೊದ್ದ ಮುದುಕ ಬಂದು
ಹಿಡಿ ಜೋಳ ತಿನ್ನಿಸಿ, ಆಮೇಲೆ ನನ್ನನ್ನು ನೋಡಿದ:
"ಖೋತ್ಸೊ, ಮಗಳೇ.
ಪ್ರತಿ ಗುರುವಾರ ಫಾಕಿಸೋ ಇಲ್ಲಿಳಿದು ನನ್ನ ಕಾಲಿನ ಹುಣ್ಣು ತೊಳೆಯುತ್ತಿದ್ದ.
ವಾಸಿಯಾಗಿ ಐದು ವರ್ಷವಾಯಿತು.
ಕುದುರೆಗೆ ಯಾರೂ ಹೇಳಿಲ್ಲ."

ಆ ದಿನದ ಕೂಸು ನನಗಾಗಿ ಕಾಯಲಿಲ್ಲ.
ಹೊಕ್ಕುಳಬಳ್ಳಿ ಕತ್ತರಿಸುವುದಕ್ಕಷ್ಟೇ ಒದಗಿದೆ.

ಈಗ ಹನ್ನೊಂದು ವರ್ಷ.
ಫಾಕಿಸೋನ ಬಾಗಿಲುಗಳ ಜೊತೆ ನನ್ನವೂ ಸೇರಿವೆ.
ಚಿನ್ನದ ಗಣಿಯಿಂದ ಎದೆ ತುಂಬ ಧೂಳು ಹೊತ್ತು ಬಂದ ಸೆಖೋಬೆಯ ಮನೆ:
ಉಸಿರನ್ನು ಕಡ ತಂದವನಂತೆ ಎಣಿಸಿ ಖರ್ಚು ಮಾಡುತ್ತಿದ್ದ.
ನನ್ನ ಚೀಲದಲ್ಲಿ ಅವನಿಗೆ ಏನೂ ಇರಲಿಲ್ಲ, ಕೂತಿರುತ್ತಿದ್ದೆ.
ನಾನು ಸವಾರಿ ಮಾಡುವ ಚಂದಕ್ಕೆ ನಕ್ಕು, ಕೆಮ್ಮಿ,
ಗಾಳಿ ನುಗ್ಗದ ಹಾಗೆ ಕಂಬಳಿಗೆ ಪಿನ್ನು ಚುಚ್ಚುವುದನ್ನು ಕಲಿಸಿದ.
ಇಂದಿಗೂ ಹಾಗೇ ಚುಚ್ಚುತ್ತೇನೆ.

ಕಾಲು ಮುಂದಾಗಿ ಹುಟ್ಟಿದ ಪೋರಿ ತೆಬೆಲ್ಲೊ
ಶಾಲೆಯಿಂದ ಓಡಿ ಬಂದು ಲಗಾಮು ಹಿಡಿಯುತ್ತಾಳೆ,
ಸ್ಟೆತಾಸ್ಕೋಪ್ ಕಸಿದು ಕುದುರೆಯ ಪಕ್ಕೆಗೆ ಒತ್ತಿ ಕೂಗುತ್ತಾಳೆ:
"ಡಾಕ್ಟರ್, ಇದು ಒಂದು ಬಡಿತ ಬಡಿದು
ನಿದ್ದೆ ಹೋಗಿ ಎದ್ದು
ಇನ್ನೊಂದು ಬಡಿಯುತ್ತೆ!"

ಬ್ಲೂಮ್‌ಫಾಂಟೇನಿನಿಂದ ಸಹಪಾಠಿ ಫೋನಿನಲ್ಲಿ ಕೇಳುತ್ತಾನೆ:
ಅಲ್ಲಿ ನಿನಗೆ ಏನು ಸಿಗುತ್ತೆ?
ಸಿಗ್ನಲ್ ಸಿಗುವುದಿಲ್ಲ ಅನ್ನುತ್ತೇನೆ,
ಅಷ್ಟರಲ್ಲಿ ಅದೂ ಹೋಗಿರುತ್ತದೆ.

ಒಂದು ಬಾಗಿಲನ್ನು ಮಾತ್ರ ಎರಡು ವರ್ಷ ತಪ್ಪಿಸಿದೆ,
ಗುಡ್ಡ ಸುತ್ತಿ, ಹೊಳೆ ದಾಟಿ, ಸುಳ್ಳು ನೆಪ ಹೇಳಿಕೊಂಡು.
ಮಾ-ಖೌಹೆಲೊಳ ಬಾಗಿಲು.
ಇಲ್ಲಿ ತಾಯಿಯನ್ನು ಕರೆಯುವುದು ಮಗುವಿನ ಹೆಸರಿನಿಂದ;
ಮಗು ಹೋದರೂ ಹೆಸರು ಅವಳ ಬಳಿಯೇ ಉಳಿಯುತ್ತದೆ.
ನಾನು ತಲುಪಿದ ರಾತ್ರಿ ಖೌಹೆಲೊ ಆಗಲೇ ತಣ್ಣಗಾಗುತ್ತಿದ್ದ.
ಹೊರಗೆ, ಹಿಮದಲ್ಲಿ, ಪೀಚ್ ಮರ ಬುದ್ಧಿಯಿಲ್ಲದೆ ಹೂಬಿಟ್ಟಿತ್ತು.

ಮೂರನೆಯ ವರ್ಷ ಮಂಜು ದಾರಿಯನ್ನೇ ನುಂಗಿತು.
ಲಗಾಮು ಸಡಿಲ ಬಿಟ್ಟೆ. ಕೋಫಿ ನಡೆಯಿತು,
ನಿಂತಿತು.
ಅವಳು ಬೇಸಿನ್ನಿನಲ್ಲಿ ನೀರು ತಂದು ಕುದುರೆಯ ಮುಂದಿಟ್ಟಳು,
ನಾನು ನಿನ್ನೆಯಷ್ಟೇ ಬಂದು ಹೋದವಳ ಹಾಗೆ.
ನನ್ನ ಬಾಯಲ್ಲಿ ತಯಾರಾಗಿದ್ದ ಮಾತು ಬಾಯಲ್ಲೇ ಉಳಿಯಿತು.
"ಆ ರಾತ್ರಿ," ಅಂದಳು, "ನಮಗಿಂತ ಮೊದಲು ಅವನಿಗೆ ಗೊರಸಿನ ಸದ್ದು ಕೇಳಿಸಿತು.
ಬಂದರು ಅಂದ.
ಅದೇ ಅವನ ಕೊನೆಯ ಮಾತು."
ಒಣಗಿಸಿದ ಪೀಚ್ ಹೋಳುಗಳನ್ನು ನನ್ನ ಜೇಬಿಗೆ ಸುರಿದು
ಇಷ್ಟು ದಿನ ಬೇಕಿತ್ತಾ ಎಂದು ಗದರಿದಳು.
ಇಳಿಯುವ ದಾರಿಯುದ್ದಕ್ಕೂ ಅಗಿದೆ. ಹುಳಿ, ಆಮೇಲೆ ಸಿಹಿ.

ಮೊನ್ನೆ ಮಾಸೆರುವಿನಿಂದ ಪತ್ರ:
ದವಾಖಾನೆಗೆ ಜೀಪು ಮಂಜೂರಾಗಿದೆ,
ಪ್ರಾಣಿ, ಕಂದು, ಒಂದು — ವಿಲೇವಾರಿ ಮಾಡತಕ್ಕದ್ದು.
ಜೀಪು ಬರಲಿ, ಒಳ್ಳೆಯದೇ. ಹೆರಿಗೆಗೆ ಅದೇ ಸರಿ.
ಪ್ರಾಣಿಯ ಬೆಲೆಯನ್ನು ನನ್ನ ಸಂಬಳದಲ್ಲಿ ಮುರಿದುಕೊಳ್ಳಿ
ಎಂದು ಬರೆದು, ರುಜು ಹಾಕಿ, ಲಕೋಟೆ ಅಂಟಿಸಿದೆ.

ಹುಣ್ಣಿನ ಮುದುಕ ಹೋದ ಚಳಿಗಾಲದಲ್ಲಿ ತೀರಿಕೊಂಡ.
ಬಾಗಿಲಿಗೆ ಬೀಗ.
ಕೋಫಿ ಇನ್ನೂ ನಿಲ್ಲುತ್ತದೆ. ಈಗ ತಿವಿಯುವುದಿಲ್ಲ ನಾನು;
ಇಳಿದು, ಜೇಬಿನಿಂದ ಹಿಡಿ ಜೋಳ ತೆಗೆಯುತ್ತೇನೆ.

ಇವತ್ತು ಗುರುವಾರ.
ಹೊರಡಬೇಕು.